ದಾರಿಯಲ್ಲಿ ಕುಡಿಯುವ ನೀರು

ಮೊನ್ನೆ ಭಾನುವಾರ ಸಂಜೆ ನಮ್ಮ ಬಟ್ಟೆ ಒಗೆಯುವ ಮಷಿನ್ನು ನೀರು ಹೊರಗೆ ಬಿಡದೆ ಮುನಿಸಿಕೊಂಡು ನಿಂತಿತು. ಮನೆಯವರು ಕೆಳಗಿನ ಜಾಲರಿ ಬಿಚ್ಚಿ ನೋಡಿದರೆ ಅದರ ತುಂಬ ಕಂದುಬಣ್ಣದ ರಾಡಿ. ಮೂಗಿನ ಹತ್ತಿರ ಹಿಡಿದು, "ಯಾಲಕ್ಕಿ ವಾಸನಿ ಬರಾಕತ್ತೈತಲ್ಲ" ಎಂದರು. ನನಗೆ ತಕ್ಷಣ ಗೊತ್ತಾಯಿತು. ಅದು ರಾಡಿಯಲ್ಲ, ಶೇಂಗಾ ಹೋಳಿಗೆ. ಬೆಳಿಗ್ಗೆ ಸೈಕಲ್ ಸವಾರಿಗೆ ಹೋಗುವಾಗ ಅಂಗಿಯ ಬೆನ್ನ ಜೇಬಿಗೆ ಹಾಕಿಕೊಂಡದ್ದರಲ್ಲಿ ಒಂದು ತಿನ್ನದೆ ಉಳಿದು, ಅಂಗಿಯ ಜೊತೆ ತಾನೂ ಸ್ನಾನಕ್ಕಿಳಿದಿತ್ತು. ಒಗೆಯುವ ಮೊದಲು ಗಂಡಸರ ಜೇಬಿನಲ್ಲಿ ನೋಟು, ಬಸ್ ಟಿಕೆಟ್ಟು ಇವೆಯೇ ಎಂದು ತಡಕಾಡುವುದು ನಮ್ಮ ಮನೆಗಳಲ್ಲಿ ಹೆಂಗಸರ ಕೆಲಸ. ಹೆಂಗಸಿನ ಜೇಬಿನಲ್ಲಿ ಹೋಳಿಗೆ ಇದೆಯೇ ಎಂದು ತಡಕಾಡುವುದು ಯಾರ ಕೆಲಸ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಬೆನ್ನ ಜೇಬು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೂರ ಸೈಕಲ್ ತುಳಿಯುವವರ ಅಂಗಿಗೆ ಮುಂದೆ ಜೇಬಿರುವುದಿಲ್ಲ. ಸೊಂಟದ ಹಿಂದೆ ಸಾಲಾಗಿ ಚೀಲ ಹೊಲಿದಿರುತ್ತಾರೆ. ಬಗ್ಗಿ ತುಳಿಯುತ್ತಲೇ ಕೈ ಹಿಂದೆ ಚಾಚಿ ತಿನ್ನುವುದನ್ನು ತೆಗೆದುಕೊಳ್ಳಬೇಕು. ನಾನು ಯಲಹಂಕದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಹುಟ್ಟಿದ್ದು, ಓದಿದ್ದು ಬಾಗಲಕೋಟೆ ಕಡೆಯ ಗುಳೇದಗುಡ್ಡದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಸೀರೆ, ಚೂಡಿದಾರ ಬಿಟ್ಟು ಇನ್ನೊಂದು ಮೈಗೆ ತಾಕಿಸಿದವಳಲ್ಲ. ಅಂಥವಳು ನಲವತ್ತು ದಾಟಿದ ಮೇಲೆ ಗಿಳಿಹಸಿರು ಅಂಗಿ ತೊಟ್ಟು, ತಲೆಗೆ ಹೆಲ್ಮೆಟ್ ಬಿಗಿದುಕೊಂಡು ನಸುಕಿನಲ್ಲಿ ಗೇಟು ತೆರೆದಾಗ ಎದುರುಮನೆಯ ನಾಯಿ ಮೊದಲ ವಾರ ಬೊಗಳಿತು. ಎರಡನೆಯ ವಾರದಿಂದ ಸುಮ್ಮನಾಯಿತು. ಅಕ್ಕಪಕ್ಕದವರು ಸುಮ್ಮನಾಗಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು.

ಸೈಕಲ್ಲಾದರೂ ನನ್ನದಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಹೊಟ್ಟೆ ಇಳಿಸುತ್ತೇನೆಂದು ಗೇರಿನ ಸೈಕಲ್ ತಂದಿದ್ದರು. ಜಕ್ಕೂರು ಕೆರೆಯ ತನಕ ಹೋಗಿ, ಏರೋಡ್ರೋಮಿನಿಂದ ಮೇಲೇಳುವ ಪುಟ್ಟ ವಿಮಾನಗಳನ್ನು ನೋಡುತ್ತ ಇಡ್ಲಿ ವಡೆ ತಿಂದು ಬರುತ್ತಿದ್ದರು. ಕೆಲವು ಸಲ ಹೀಗೆ ಹೋಗಿಬಂದ ಮೇಲೆ ಹೊಟ್ಟೆ ಇನ್ನಷ್ಟು ಮುಂದೆ ಬಂತು, ಸೈಕಲ್ಲು ಮೂಲೆ ಸೇರಿತು. ಮಳೆಗಾಲದಲ್ಲಿ ನಾನು ಅದರ ಹ್ಯಾಂಡಲ್ಲಿಗೆ ಟವೆಲ್ಲು, ಸೀಟಿಗೆ ಒಳಲಂಗ ಒಣಗಹಾಕುತ್ತಿದ್ದೆ. ಒಂದು ದಿನ ಒಣಗಿದ ಬಟ್ಟೆ ತೆಗೆಯುವಾಗ ಸುಮ್ಮನೆ ಹತ್ತಿ ಕೂತೆ. ಕೂತವಳು ಇಳಿಯಲಿಲ್ಲ, ಅಷ್ಟೇ ಕತೆ.

ಆಮೇಲೆ ಸಿಕ್ಕಿದವಳು ಆರ್.ಟಿ. ನಗರದ ರೂಪಾ. ಬ್ಯಾಂಕಿನ ಕೆಲಸದವಳು, ನನಗಿಂತ ಬಹಳ ಚಿಕ್ಕವಳು. ಭಾನುವಾರ ಹೆಬ್ಬಾಳದ ಫ್ಲೈಓವರಿನ ಕೆಳಗೆ ಸೇರಿ ನಂದಿ, ದೇವನಹಳ್ಳಿ, ದೊಡ್ಡಬಳ್ಳಾಪುರ ಎಂದು ಹೊರಡುವ ಹೆಂಗಸರ ಒಂದು ಗುಂಪನ್ನು ಅವಳು ಕಟ್ಟಿದ್ದಳು. ಹೊಸದಾಗಿ ಬಂದವರಿಗೆಲ್ಲ ಅವಳು ಮೊದಲು ಹೇಳುತ್ತಿದ್ದ ಮಾತು ಒಂದೇ: ಹಸಿವಾಗುವ ಮುಂಚೆ ತಿನ್ನಬೇಕು, ಬಾಯಾರುವ ಮುಂಚೆ ಕುಡಿಯಬೇಕು. ಹಸಿವಾದ ಮೇಲೆ ತಿಂದರೆ ಹೊತ್ತು ಮೀರಿತು, ಬಾಯಾರಿದ ಮೇಲೆ ಕುಡಿದರೆ ಆಟ ಮುಗಿಯಿತು. ಇದನ್ನು ಕೇಳಿದಾಗ ನನಗೆ ನಗು ಬಂತು. ನಾವು ಬೆಳೆದ ಮನೆಯಲ್ಲಿ ಹಸಿವಾಗದೆ ಊಟಕ್ಕೆ ಕೂತವರನ್ನು ಹೊಟ್ಟೆಬಾಕರು ಎನ್ನುತ್ತಿದ್ದರು. ಮುಂದೆ ಹಸಿವಾಗಬಹುದು ಎಂಬ ಅನುಮಾನದ ಮೇಲೆ ಈಗಲೇ ತಿಂದುಬಿಡುವುದನ್ನು ಒಂದು ಶಾಸ್ತ್ರವಾಗಿ ಹೇಳಿದ ಮೊದಲ ಗುರು ನನಗೆ ಅವಳೇ.

ಆ ಶಾಸ್ತ್ರವನ್ನು ನಾನು ಭಕ್ತಿಯಿಂದ ಪಾಲಿಸಿದೆ. ಏನೇನು ತಿಂದಿಲ್ಲ ನಾವು ಆ ರಸ್ತೆಗಳಲ್ಲಿ. ಏಲಕ್ಕಿ ಬಾಳೆಯೋ ಪಚ್ಚಬಾಳೆಯೋ ಎಂದು ದೇವನಹಳ್ಳಿ ಟೋಲಿನ ತನಕ ಜಗಳ ಮಾಡಿ ಕೊನೆಗೆ ಎರಡನ್ನೂ ತಿಂದಿದ್ದೇವೆ. ಕಡ್ಲೆಮಿಠಾಯಿ ಹಲ್ಲಿಗೆ ಅಂಟಿಕೊಂಡು, ಹಿಂದಿನಿಂದ ಲಾರಿ ಬರುತ್ತಿದೆ ಎಂದು ಮುಂದಿನವಳನ್ನು ಕೂಗಿ ಎಚ್ಚರಿಸಲಾಗದೆ ಬರೀ 'ಉಂ ಉಂ' ಎಂದಿದ್ದೇನೆ. ನಂದಿ ಹತ್ತುವ ಮುಂಚೆ ಮಸಾಲೆ ದೋಸೆ ತಿನ್ನಬಾರದು ಎಂಬ ಜ್ಞಾನ ನನಗೆ ಮಸಾಲೆ ದೋಸೆ ತಿಂದು ನಂದಿ ಹತ್ತಿದ ಮೇಲೆಯೇ ಬಂತು. ಒಮ್ಮೆ ರೂಪಾ ವಿದೇಶದಿಂದ ತರಿಸಿದ ಒಂದು ಪುಟ್ಟ ಪೊಟ್ಟಣ ಕೊಟ್ಟಳು. ಅದರ ಬಾಯಿ ಹರಿದು ಹಿಂಡಿಕೊಂಡರೆ ನಾಲಿಗೆಗೆ ಬಂದದ್ದು ಕೆಮ್ಮಿನ ಔಷಧಿಯಲ್ಲಿ ಕಲಸಿದ ಗಂಜಿಯಂಥ ಅಂಟು. ಒಂದು ತಾಸಿಗಾಗುವ ಶಕ್ತಿ ಇದೆ ಅಕ್ಕಾ ಎಂದಳು. ಇರಬಹುದು. ಆದರೆ ಅದನ್ನು ನುಂಗಲು ನನ್ನಲ್ಲಿದ್ದ ಶಕ್ತಿಯೆಲ್ಲ ಖರ್ಚಾಗಿತ್ತು.

ಮುಂದಿನ ವಾರ ನಾನು ಶೇಂಗಾ ಹೋಳಿಗೆ ಒಯ್ದೆ. ಬೆಂಗಳೂರಿನವರಿಗೆ ಒಬ್ಬಟ್ಟು ಎಂದರೆ ತುಪ್ಪ, ಹಾಲು ಹಾಕಿಕೊಂಡು ಎಲೆಯ ಮುಂದೆ ಕೂತು ತಿನ್ನುವ ಮೆತ್ತನೆಯ ವಸ್ತು. ನಮ್ಮ ಕಡೆಯ ಶೇಂಗಾ ಹೋಳಿಗೆಗೆ ಈ ನಾಜೂಕಿಲ್ಲ. ಹುರಿದ ಶೇಂಗಾ, ಬೆಲ್ಲ ಕುಟ್ಟಿ ತುಂಬಿ, ತೆಳ್ಳಗೆ ಲಟ್ಟಿಸಿ ಬೇಯಿಸಿ ಆರಿಸಿಟ್ಟರೆ ಹದಿನೈದು ದಿನ ಕೆಡುವುದಿಲ್ಲ. ಊರಿಗೆ ಹೊರಟವರ ಗಂಟಿನಲ್ಲಿ ಅದು ಇರಲೇಬೇಕು. ಮಡಚಿ ಜೇಬಿಗೆ ಹಾಕಿಕೊಂಡರೆ ಮುರಿಯದು, ಬಿಸಿಲಿಗೆ ಕರಗದು. ಗುಂಪಿನವರು ಒಂದೊಂದು ತುಂಡು ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಚಾಚಿದರು. ಆಮೇಲೆ ಪೊಟ್ಟಣದ ಅಂಟನ್ನು ಯಾರೂ ತರಲಿಲ್ಲ. ಭಾನುವಾರ ನಾನು ಬರುವುದಿಲ್ಲ ಎಂದರೆ, ಪರವಾಗಿಲ್ಲ ಅಕ್ಕಾ, ಹೋಳಿಗೆ ಯಾರ ಕೈಲಾದ್ರೂ ಕಳ್ಸಿ ಎನ್ನುವ ಮಟ್ಟಕ್ಕೆ ನನ್ನ ಕೀರ್ತಿ ಬೆಳೆಯಿತು.

ಇಷ್ಟೆಲ್ಲ ತಿನ್ನುವ ಮಾತಾಯಿತು. ಕುಡಿಯುವ ಮಾತು ಎತ್ತದೆ ಜಾರಿಕೊಳ್ಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದ್ದರೆ ನಿಮ್ಮ ಅನುಮಾನ ಸರಿ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಬಂದೆ.

ಚಿಕ್ಕಂದಿನಲ್ಲಿ ಸೋಲಾಪುರದ ಸೋದರಮಾವನ ಮನೆಗೆ ಹೋಗುವುದೆಂದರೆ ನಮಗೆ ಇಡೀ ದಿನದ ಬಸ್ಸು. ಹೊರಡುವ ಹಿಂದಿನ ಸಂಜೆಯಿಂದಲೇ ಅವ್ವನ ಕಟ್ಟಳೆ ಶುರುವಾಗುತ್ತಿತ್ತು. ಅಣ್ಣಂದಿರು ಎಷ್ಟು ಬೇಕಾದರೂ ನೀರು ಕುಡಿಯಬಹುದು. ನನಗೆ ಮತ್ತು ಅಕ್ಕನಿಗೆ ಊಟದ ಜೊತೆ ಅರ್ಧ ಲೋಟ, ಬೆಳಿಗ್ಗೆ ಎದ್ದ ಮೇಲೆ ಬಾಯಿ ಮುಕ್ಕಳಿಸಲು ಮಾತ್ರ. ಹಾಗೇಕೆ ಎಂದು ನಾವು ಕೇಳಲಿಲ್ಲ, ಅವ್ವ ಹೇಳಲೂ ಇಲ್ಲ. ಬಸ್ಸು ಯಾವುದೋ ಬಯಲಿನಲ್ಲಿ ನಿಂತಾಗ ಗಂಡಸರು ಇಳಿದು ಜಾಲಿಗಿಡಗಳ ಕಡೆ ಸಾಲಾಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಹೆಂಗಸರು ಕಿಟಕಿಯ ಆಚೆ ನೋಡದೆ, ಸೆರಗು ಬಿಗಿ ಮಾಡಿಕೊಂಡು ಕೂತಲ್ಲೇ ಕೂತಿರುತ್ತಿದ್ದರು. ಬಾಯಿ ಒಣಗಿದಾಗ ಚಪ್ಪರಿಸಲು ಅವ್ವನ ಸೆರಗಿನ ಗಂಟಿನಲ್ಲಿ ಉಪ್ಪು ಹಚ್ಚಿದ ಹುಣಸೆಹಣ್ಣಿನ ಪುಟ್ಟ ಉಂಡೆ. ಅದನ್ನು ದವಡೆಗೆ ಒತ್ತಿಕೊಂಡರೆ ಬಾಯಲ್ಲಿ ತಾನಾಗಿ ನೀರು ಬರುತ್ತದೆ. ಆ ನೀರಿಗೆ ಹಿಂದುಮುಂದಿನ ಚಿಂತೆ ಇಲ್ಲ. ಸೋಲಾಪುರ ಎಂದರೆ ಇವತ್ತಿಗೂ ನನ್ನ ದವಡೆಯಲ್ಲಿ ಹುಳಿ.

ಈ ವಿದ್ಯೆಯನ್ನು ನಾನು ಹಾಗೇ ಸೈಕಲ್ಲಿಗೆ ಏರಿಸಿದ್ದೆ. ಬೆಳಗಾಗುವ ಮೊದಲು ಬಾಟಲಿ ತುಂಬಿ ಸೈಕಲ್ಲಿನ ಹೊಟ್ಟೆಗೆ ಸಿಕ್ಕಿಸುತ್ತಿದ್ದೆ, ಮಧ್ಯಾಹ್ನ ಅದು ಹೆಚ್ಚುಕಡಿಮೆ ತುಂಬಿದಂತೆಯೇ ಮನೆಗೆ ಬರುತ್ತಿತ್ತು. ದಾರಿಯಲ್ಲಿ ಆ ನೀರಿನಿಂದ ಕೈ ತೊಳೆದಿದ್ದೇನೆ, ಮುಖಕ್ಕೆ ಚಿಮುಕಿಸಿಕೊಂಡಿದ್ದೇನೆ, ರಾಜಾನುಕುಂಟೆಯ ಹತ್ತಿರ ಒಂದು ಬೀದಿನಾಯಿಗೂ ಕುಡಿಸಿದ್ದೇನೆ. ನಾನು ಕುಡಿದದ್ದು ಮಾತ್ರ ತುಟಿ ಒದ್ದೆಯಾಗುವಷ್ಟು. ಗುಂಪಿನವರು ಇದನ್ನು ಕಂಡು ಬೆರಗಾದರು. ಅಕ್ಕ ನೀರೇ ಕುಡಿಯಲ್ಲ ಕಣ್ರೇ, ಏನ್ ಸ್ಟಾಮಿನಾ ಎಂದು ಹೊಸಬರಿಗೆ ಹೇಳುತ್ತಿದ್ದರು. ನಾನು ಉಬ್ಬಿಹೋದೆ. ಇಡೀ ಜನ್ಮದಲ್ಲಿ ಆಟೋಟದ ವಿಷಯಕ್ಕೆ ಒಂದು ಮೆಚ್ಚುಗೆಯ ಮಾತು ಕೇಳದವಳಿಗೆ ಅದೇನು ಸಾಮಾನ್ಯವೇ. ಮನೆಗೆ ಬಂದ ಮೇಲೆ ತಲೆ ಸಿಡಿಯುವುದಕ್ಕೂ ಈ ಕೀರ್ತಿಗೂ ಸಂಬಂಧವಿದೆಯೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆಯಿಸಿದ್ದು ಒಂದು ಕಲ್ಲು. ಏಪ್ರಿಲ್ಲಿನ ಬಿಸಿಲಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ಬಂದ ಮಾರನೆಯ ದಿನ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದವಳು ಬೆನ್ನಿನಿಂದ ಕಿಬ್ಬೊಟ್ಟೆಗೆ ಇಳಿದ ನೋವಿಗೆ ಕಪಾಟು ಹಿಡಿದುಕೊಂಡು ಕೂತುಬಿಟ್ಟೆ. ಮೂತ್ರಪಿಂಡದಲ್ಲಿ ಕಲ್ಲು. ಡಾಕ್ಟರಮ್ಮ ನನ್ನ ಇತಿಹಾಸವನ್ನೆಲ್ಲ ಕೇಳಿ, ಕಲ್ಲು ಚಿಕ್ಕದು, ನೀರು ಕುಡಿದರೆ ತಾನೇ ಹೋಗುತ್ತದೆ, ಸೈಕಲ್ ಧಾರಾಳವಾಗಿ ತುಳಿಯಿರಿ ಎಂದರು. ನೀರು ಕುಡಿಯಲು ಆಗುವುದಿಲ್ಲ ಎಂದಾದರೆ ಸೈಕಲ್ ಬಿಡಿ ಎಂದೂ ಹೇಳಿದರು. ಎರಡನೆಯ ಮಾತನ್ನು ಮನೆಯವರು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು. ಆ ವರ್ಷದ ಚಳಿಗಾಲಕ್ಕೆ ಗುಂಪಿನವರೆಲ್ಲ ಗೌರಿಬಿದನೂರು, ಹಿಂದೂಪುರದ ಮೇಲೆ ಲೇಪಾಕ್ಷಿಗೆ ಹೋಗಿ ಸಂಜೆಯೊಳಗೆ ಹಿಂದಿರುಗುವುದೆಂದು ಮಾತಾಗಿತ್ತು. ಹೋಗಿ ಬಂದರೆ ಇನ್ನೂರು ಕಿಲೋಮೀಟರಿನ ಮೇಲೆ. ನನ್ನ ಬದುಕಿನಲ್ಲಿ ನಾನಾಗಿ ಬಯಸಿದ್ದು ಬಹಳ ಇಲ್ಲ. ಓದು, ಮದುವೆ, ನೌಕರಿ ಎಲ್ಲ ತಮ್ಮಷ್ಟಕ್ಕೆ ಬಂದವು, ಬೇಡ ಅನ್ನಲಿಲ್ಲ. ಆದರೆ ಲೇಪಾಕ್ಷಿಗೆ ನನ್ನ ಕಾಲಿನಿಂದಲೇ ಹೋಗಿಬರಬೇಕು ಎಂಬುದನ್ನು ನಾನು ಬಯಸಿದ್ದೆ.

ಸುದ್ದಿ ಕೇಳಿ ಅವ್ವ ಊರಿಂದ ಹೊರಟು ಬಂದಳು. ಯಶವಂತಪುರ ಸ್ಟೇಷನ್ನಿಗೆ ಕರೆತರಲು ಹೋದಾಗ ಪ್ಲಾಟ್‌ಫಾರಂ ಮೇಲೆ ಗಂಟು ಹಿಡಿದು ನಿಂತಿದ್ದವಳ ತುಟಿ ಬಿಳಿಚಿ ಸಿಪ್ಪೆ ಎದ್ದಿತ್ತು. ಹಿಂದಿನ ಮಧ್ಯಾಹ್ನದಿಂದ ಅವಳು ನೀರು ಮುಟ್ಟಿರಲಿಲ್ಲ. ರೈಲಿನಲ್ಲಿ ಪಾಯಿಖಾನೆ ಇರುತ್ತದಲ್ಲವೇ ಎಂದರೆ, ಅದರ ಬಾಗಿಲು ಅಲ್ಲಾಡುತ್ತದೆ, ಹೊರಗೆ ಗಂಡಸರು ನಿಂತಿರುತ್ತಾರೆ ಎಂದಳು. ಬೆಂಗಳೂರಿಗೆ ಎಷ್ಟು ಸಲ ಬಂದಿದ್ದಾಳೋ ಅಷ್ಟು ಸಲವೂ ಹೀಗೆಯೇ ಬಂದಿರಬೇಕು. ನಾನು ನೋಡಿದ್ದು ಅವತ್ತು. ಮಗಳಿಗೆ ನೀರು ಕುಡಿಯದೆ ಕಲ್ಲಾಗಿದೆ ಎಂದು ನೋಡಿಕೊಳ್ಳಲು ಬರುವ ತಾಯಿ ನೀರು ಕುಡಿಯದೆ ಬಂದಿದ್ದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಆಟೋ ಹಿಡಿದೆ.

ಮನೆಯಲ್ಲಿ ಅವಳೇ ನನಗೆ ಲೆಕ್ಕ ತಪ್ಪದಂತೆ ನೀರು ಕುಡಿಸಿದಳು. ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ಕಟ್ಟು, ಬಾರ್ಲಿ ಗಂಜಿ. ಮನೆಯೊಳಗೆ ಕುಡಿಯುವುದಕ್ಕೆ ಅವಳ ಅಡ್ಡಿ ಇರಲಿಲ್ಲ. ನೋವು ಇಳಿದ ಮೇಲೆ ಸೈಕಲ್ಲಿಗೂ ಪೂರ್ತಿ ಅಡ್ಡಿ ಮಾಡಲಿಲ್ಲ. ಜಕ್ಕೂರು ಕೆರೆ ಸುತ್ತಿ ಬಾ, ಬೇಕಾದರೆ ರಾಜಾನುಕುಂಟೆಗೆ ಹೋಗಿ ಬಾ, ದೂರದ ದಾರಿ ಬೇಡ ಎಂದಳು. ಲೇಪಾಕ್ಷಿಯ ಮಾತೆತ್ತಿದೆ. ದಾರಿಯುದ್ದಕ್ಕೂ ನೀರು ಕುಡಿಯುತ್ತೇನೆ, ಡಾಕ್ಟರಮ್ಮನೇ ಒಪ್ಪಿದ್ದಾರೆ ಎಂದೆ. ಅವ್ವ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನೀರ ಕುಡದ್ರ ಕಲ್ಲ ಕರಗತೈತಿ, ಖರೆ. ಕುಡದ ನೀರ ಆಮ್ಯಾಲ ಎಲ್ಲಿ ಹೋಗತೈತಿ? ದಾರ್ಯಾಗ ಅದಕ್ಕೇನ ಮಾಡ್ತಿ?"

ಮನೆಯವರು, ಅತ್ತೆಯವರು ಹೂಂ ಅಂದರೆ ನನ್ನದೇನೂ ಇಲ್ಲ ಎಂದು ಆಕೆಯ ಸೆರಗಿನ ಹಿಂದೆ ನಿಂತುಬಿಟ್ಟರು. ಸೈಕಲ್ಲಿನ ಹ್ಯಾಂಡಲ್ಲಿಗೆ ಮತ್ತೆ ಒಂದು ಟವೆಲ್ಲು ಬಂದು ಕೂತಿತು. ಅದನ್ನು ಯಾರು ಹಾಕಿದರೆಂದು ನಾನು ಕೇಳಲಿಲ್ಲ.

ರಾಜಾನುಕುಂಟೆಗೆ ಎಂದು ಹೇಳಿ ರೂಪಾಳ ಜೊತೆ ಹೊರಟ ಒಂದು ಭಾನುವಾರ, ಅದನ್ನು ದಾಟಿ ಮುಂದೆ ಹೋದೆವು. ನಾನು ಶಿಸ್ತಾಗಿ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದೆ. ಕಾಲಿಗೆ ಬಲ ಬಂದಂತೆ ಅನ್ನಿಸಿತು, ತಲೆ ಹಗುರವಾಗಿತ್ತು. ಇಷ್ಟು ದಿನ ಇದನ್ನು ಬಿಟ್ಟು ಯಾಕೆ ಸತ್ತೆ ಅಂದುಕೊಳ್ಳುವಷ್ಟರಲ್ಲಿ ಅವ್ವನ ಪ್ರಶ್ನೆ ಕಿಬ್ಬೊಟ್ಟೆಯಲ್ಲಿ ಎದ್ದಿತು. ಒಂದು ಪೆಟ್ರೋಲ್ ಬಂಕಿಗೆ ಹೋದೆವು. ಹೆಂಗಸರದ್ದಕ್ಕೆ ಬೀಗ, ಬೀಗದ ಕೈ ಇಟ್ಟುಕೊಂಡವರು ತಿಂಡಿಗೆ ಹೋಗಿದ್ದರು. ಮುಂದಿನ ಹೋಟೆಲಿನಲ್ಲಿ ಹಿಂದುಗಡೆ ಜಾಗ ಇದೆ ಎಂದು ತೋರಿಸಿದರು. ಜಾಗ ಇತ್ತು, ಬಾಗಿಲಿರಲಿಲ್ಲ. ನಾನು ಮುಖ ಕಿವಿಚಿಕೊಂಡು, ನೀನು ಹೇಗೆ ತಡೆದುಕೊಳ್ಳುತ್ತೀಯ ಮಾರಾಯ್ತಿ ಎಂದೆ. ರೂಪಾ ತನ್ನ ಸೈಕಲ್ಲಿನ ಬಾಟಲಿ ತೆಗೆದು ತೋರಿಸಿದಳು, ಕತ್ತಿನ ತನಕ ತುಂಬಿತ್ತು.

"ಅಕ್ಕಾ, ನಾನೂ ಕುಡಿಯಲ್ಲ. ಬಾಟ್ಲಿ ಎತ್ತಿ ಬಾಯಿಗಿಟ್ಕೊಂಡು ವಾಪಸ್ ಇಡ್ತೀನಿ ಅಷ್ಟೇ. ನಮ್ಮ ಗ್ರೂಪಲ್ಲಿ ಯಾರೂ ಕುಡಿಯಲ್ಲ ಅನ್ಸುತ್ತೆ."

ಬಾಯಾರುವ ಮುಂಚೆ ಕುಡಿಯಬೇಕೆಂದು ಊರಿಗೆಲ್ಲ ಪಾಠ ಹೇಳುವವಳು. ಬ್ಯಾಂಕಿನವಳು, ಕಾಲೇಜಿನವಳು, ನಾಗಸಂದ್ರದಿಂದ ಬರುವ ಟೀಚರು, ಶೆಟ್ಟಿಹಳ್ಳಿಯ ಟೈಲರಮ್ಮ, ಎಲ್ಲರೂ ತುಂಬಿದ ಬಾಟಲಿಗಳನ್ನು ಊರೂರು ಮೆರವಣಿಗೆ ಮಾಡಿಸಿ ಮನೆಗೆ ತರುತ್ತಿದ್ದೆವು. ಒಬ್ಬರ ಸ್ಟಾಮಿನಾ ಕಂಡು ಇನ್ನೊಬ್ಬರು ಬೆರಗಾಗುತ್ತಿದ್ದೆವು. ಒಬ್ಬಳಾದರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾವಿಬ್ಬರೂ ರಸ್ತೆಯ ಪಕ್ಕ ನಿಂತು ನಗತೊಡಗಿದೆವು. ನಗುವ ಪರಿಸ್ಥಿತಿಯಲ್ಲಿ ನಾನಂತೂ ಇರಲಿಲ್ಲ, ಬೇಗ ನಿಲ್ಲಿಸಿದೆ.

ಮುಖ್ಯರಸ್ತೆಯಿಂದ ಒಳಗೆ ಒಂದು ಹಳ್ಳಿ ಕಾಣುತ್ತಿತ್ತು. ಯಾವುದಾದರೂ ಮನೆಯಲ್ಲಿ ಕೇಳೋಣ ಎಂದಳು ರೂಪಾ. ಏನೆಂದು ಕೇಳುವುದು? ಆಗ ನಮ್ಮ ಕಡೆಯ ಪದ್ಧತಿ ನೆನಪಿಗೆ ಬಂತು. ಬಿಸಿಲಿನಿಂದ ಮನೆಗೆ ಬಂದವರಿಗೆ, ಅವರು ಯಾರೇ ಆಗಲಿ, ಬರಿಯ ನೀರು ಕೊಡುವುದಿಲ್ಲ, ಒಂದು ಚೂರು ಬೆಲ್ಲ ಕೊಟ್ಟು ಆಮೇಲೆ ನೀರು ಕೊಡುತ್ತಾರೆ. ನೀರು ಕೇಳುವುದು ನಾಚಿಕೆಯ ಮಾತಲ್ಲ. ಇಲ್ಲ ಎನ್ನುವ ಮನೆಯೂ ಇಲ್ಲ. ನೀರಿನಿಂದ ಮಾತು ಶುರುಮಾಡಿ ಮೆಲ್ಲಗೆ ಮುಂದುವರಿದರಾಯಿತು ಎಂದು ಧೈರ್ಯ ಮಾಡಿದೆ. ಹೊಸ ಸಿಮೆಂಟಿನ ಮನೆ, ಮುಂದೆ ಹಸು ಕಟ್ಟಿದ ಹಳೆಯ ಕೊಟ್ಟಿಗೆ. ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತ ಒಬ್ಬ ಅಜ್ಜಿ ಕೂತಿದ್ದರು. ಮುನಿಯಮ್ಮ ಎಂದು ಹೆಸರು ಆಮೇಲೆ ತಿಳಿಯಿತು. ಸೈಕಲ್ ಗೋಡೆಗೆ ಒರಗಿಸಿ, ಸ್ವಲ್ಪ ಕುಡಿಯುವ ನೀರು ಕೊಡುತ್ತೀರಾ ಎಂದೆ. ಅಜ್ಜಿ ನನ್ನನ್ನು ನೋಡಿದರು, ಆಮೇಲೆ ಸೈಕಲ್ಲನ್ನು ನೋಡಿದರು.

"ಸೈಕಲ್ನಾಗೆ ಬಾಟ್ಲು ತುಂಬ ನೀರ್ ಮಡಿಕ್ಕೊಂಡು ನನ್ತಾವ ನೀರ್ ಕೇಳ್ತೀಯಲ್ಲ ಮಗ. ನೀರ್ ಬೇಕಾದೋರು ಇಂಗೆ ಕಾಲ್ ಮ್ಯಾಲ್ ಕಾಲ್ ಆಕ್ಕೊಂಡ್ ನಿಲ್ಲಾಕಿಲ್ಲ. ಓಗು, ಇತ್ಲಲ್ಲಿ ಕಕ್ಕಸ್ಸೈತೆ. ನೀರ್ ಆಮ್ಯಾಕ್ ಕುಡೀವಂತೆ."

ರೂಪಾ ಕುಡಿಯದ ಬಾಟಲಿ, ನಾನು ಹೋಟೆಲಿನಲ್ಲಿ ಮತ್ತೆ ತುಂಬಿಸಿಕೊಂಡ ಬಾಟಲಿ ಹೊತ್ತು ಬಂದಿದ್ದೆವು. ಅವನ್ನು ಬಚ್ಚಿಡುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ. ಹಿತ್ತಲಿಂದ ತಿರುಗಿ ಬಂದಾಗ ಜಗತ್ತು ಬಹಳ ಸುಂದರವಾಗಿತ್ತು. ಅಜ್ಜಿ ಕಡ್ಲೆಕಾಯಿ ಸರಿಸಿ ಜಾಗ ಮಾಡಿ, ಒಳಗಿಂದ ಬೆಲ್ಲ, ನೀರು ತಂದಿಟ್ಟರು. ಈ ಪದ್ಧತಿ ನಮ್ಮ ಕಡೆಯದು ಮಾತ್ರ ಎಂದು ತಿಳಿದಿದ್ದ ನನ್ನ ಜಂಬವೂ ಅಲ್ಲೇ ಇಳಿಯಿತು. ಜೇಬಿನಿಂದ ಹೋಳಿಗೆ ತೆಗೆದು ಕೊಟ್ಟೆ. ಮುರಿದು ಬಾಯಿಗೆ ಹಾಕಿಕೊಂಡ ಅಜ್ಜಿ, ಒಬ್ಬಟ್ಟೊಳಗೆ ಮರಳು ತುಂಬಿದ್ದೀರಲ್ಲ ಎಂದರು. ಎರಡನೆಯದನ್ನೂ ತಿಂದರು.

ಆ ದಿನದಿಂದ ನಮ್ಮ ಗುಂಪಿನ ರೀತಿಯೇ ಬದಲಾಯಿತು. ಮೊದಲು ಎಲ್ಲರೂ ನಿಜ ಹೇಳಿಕೊಂಡು ಒಂದು ಭಾನುವಾರ ಪೂರ್ತಿ ನಕ್ಕೆವು. ಆಮೇಲೆ ಮನೆ ಹುಡುಕುವ ಕೆಲಸ ಶುರುವಾಯಿತು. ಟೀಚರು ದೇವನಹಳ್ಳಿಯ ಕಡೆ ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆ ಹಿಡಿದರು. ಟೈಲರಮ್ಮ ನಂದಿಯ ಬುಡದಲ್ಲಿ ಹೂ ಕಟ್ಟುವವಳೊಬ್ಬಳನ್ನು ಮಾತಾಡಿಸಿ ಸ್ನೇಹ ಮಾಡಿಕೊಂಡಳು. ಮನೆಯಲ್ಲಿ ರಾಜಾನುಕುಂಟೆ ಎಂದೇ ಹೇಳಿ ಹೋಗುತ್ತಿದ್ದ ನನಗೆ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯ ಸೊಸೆಯೊಬ್ಬಳು ಸಿಕ್ಕಿದಳು. ಮಗ್ಗದ ಸದ್ದು ಕೇಳಿಯೇ ನಾನು ಒಳಗೆ ಹೋದದ್ದು, ಗುಳೇದಗುಡ್ಡದವಳಿಗೆ ಅದು ತವರಿನ ಸದ್ದು. ಘಾಟಿಯ ಹತ್ತಿರ ಒಂದು ಅಂಗಡಿಮನೆ. ಬರಿಗೈಯಲ್ಲಿ ಹೋಗುವಂತಿಲ್ಲ ಎಂಬುದು ನಾವೇ ಮಾಡಿಕೊಂಡ ಕಟ್ಟಳೆ. ಹಣ್ಣು, ಹೂವು, ಹೋಳಿಗೆ ಏನಾದರೂ ಇರಬೇಕು. ಅವರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಮುಸುಕಿನ ಜೋಳದ ಕಾಲದಲ್ಲಿ ನಮ್ಮ ಬೆನ್ನ ಜೇಬುಗಳು ಉಬ್ಬಿರುತ್ತಿದ್ದವು. ಬಾಟಲಿಗಳು ಖಾಲಿಯಾಗಿ ಮನೆಗೆ ಬರತೊಡಗಿದವು.

ಮಳೆಗಾಲ ಮುಗಿಯುವಾಗ ಸ್ಕ್ಯಾನ್ ಮಾಡಿಸಿದರೆ ಕಲ್ಲು ಇರಲಿಲ್ಲ. ಅದನ್ನು ಕರಗಿಸಿದ್ದು ದಾರಿಯಲ್ಲಿ ಕುಡಿದ ನೀರು ಎಂದು ನಾನು, ತಾವು ತಂದ ಬಾಳೆದಿಂಡು ಎಂದು ಮನೆಯವರು, ಘಾಟಿಯ ಸುಬ್ರಹ್ಮಣ್ಯ ಎಂದು ಅವ್ವ. ಎದುರುಮನೆಯವರ ಮಾತು ಕೇಳಿ ಅವಳು ಗುಟ್ಟಾಗಿ ಹರಕೆ ಹೊತ್ತಿದ್ದಳು. ಇದೇ ಸಮಯವೆಂದು ನಾನು ಮುನಿಯಮ್ಮನವರ ವಿಷಯ, ಉಳಿದ ಮನೆಗಳ ವಿಷಯ ಎಲ್ಲ ಹೇಳಿ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಲೇಪಾಕ್ಷಿಗೆ ಹೋಗಲೇ ಎಂದು ಕೇಳಿದೆ. ಅವ್ವನ ಮುಖ ಇನ್ನಷ್ಟು ಬಿಗಿಯಾಯಿತು. ಗುರುತಿಲ್ಲದವರ ಮನೆಯ ಬಾಗಿಲಿಗೆ ಹೋಗಿ ಅದನ್ನು ಕೇಳುತ್ತೀಯಾ, ಮರ್ಯಾದೆ ಇದೆಯೋ ಇಲ್ಲವೋ ಎಂದಳು. ಕಲ್ಲಿಗಿಂತ ಇದು ದೊಡ್ಡ ರೋಗವಾಗಿ ಕಂಡಿರಬೇಕು. ಇನ್ನು ಮಾತು ಬೆಳೆಸಿದರೆ ಜಕ್ಕೂರು ಕೆರೆಯೂ ಕೈತಪ್ಪೀತು ಎಂದು ಸುಮ್ಮನಾದೆ. ಲೇಪಾಕ್ಷಿಯ ದಿನ ಹತ್ತಿರ ಬರುತ್ತಿತ್ತು. ನಿಮಗಾಗಿ ಕಾಯಬೇಕೋ ಬೇಡವೋ ಎಂದು ರೂಪಾ ಕೇಳಿದಾಗ ನೋಡೋಣ ಎಂದು ಹೇಳಿ ಫೋನಿಟ್ಟಿದ್ದೆ.

ಹರಕೆ ತೀರಿಸಲು ಕಾರಿನಲ್ಲಿ ಘಾಟಿಗೆ ಹೊರಟೆವು. ಮನೆಯವರು ಮುಂದೆ, ಅ‍ವ್ವ ನಾನು ಹಿಂದೆ. ಬೆಳಿಗ್ಗೆ ಅವಳು ಚಹಾದ ಕಪ್ಪನ್ನು ಕೂಡ ಮುಟ್ಟದೆ ಪಕ್ಕಕ್ಕಿಟ್ಟದ್ದನ್ನು ನೋಡಿದ್ದೆ. ರಾಜಾನುಕುಂಟೆ ದಾಟುವಾಗ ನಾಲಿಗೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ಬಾಟಲಿ ಚಾಚಿದೆ. ಒಲ್ಲೆ ಎಂದು ಕಿಟಕಿಯ ಕಡೆ ತಿರುಗಿದಳು. ನಾನು ಮನೆಯವರ ಹೆಗಲು ಮುಟ್ಟಿ, ಮುಂದಿನ ಹಳ್ಳಿಯಲ್ಲಿ ಒಳಗೆ ತಿರುಗಿಸಿ, ಅಜ್ಜಿಗೆ ಹೋಳಿಗೆ ಕೊಟ್ಟು ಹೋಗೋಣ ಎಂದೆ.

ಅವ್ವ ಕಾರಿನಿಂದ ಇಳಿಯಲು ಒಪ್ಪಲಿಲ್ಲ. ಮುನಿಯಮ್ಮನೇ ಬಂದು ಬಾಗಿಲು ತೆಗೆದು ಕೈಹಿಡಿದು ಇಳಿಸಿಕೊಂಡರು. ಜಗಲಿಯ ಮೇಲೆ ಕೂರಿಸಿ ಬೆಲ್ಲ, ನೀರು ತಂದರು. ಅವ್ವ ಬೆಲ್ಲ ತೆಗೆದುಕೊಂಡಳು, ಅದನ್ನು ಬೇಡ ಅನ್ನುವುದು ಅವಳಿಂದ ಸಾಧ್ಯವಿಲ್ಲ. ನೀರನ್ನು ಮಾತ್ರ, ಈಗಷ್ಟೇ ಮನೆಯಲ್ಲಿ ಕುಡಿದು ಬಂದೆ ಎಂದು ಸರಿಸಿದಳು. ಸಿಪ್ಪೆ ಎದ್ದ ತುಟಿಯಲ್ಲಿ ಆ ಸುಳ್ಳು ಹೇಳುವಾಗ ಅವಳ ದನಿ ಒಡೆದಿತ್ತು. ಮುನಿಯಮ್ಮ ಒತ್ತಾಯ ಮಾಡಲಿಲ್ಲ. ಪಕ್ಕದಲ್ಲಿ ಕೂತು ಅವ್ವನ ಮೊಣಕಾಲಿನ ಮೇಲೆ ಕೈಯಿಟ್ಟರು.

"ನಾನೂ ಇಂಗೇ ಇದ್ದೋಳೇ ಕಣಮ್ಮ. ತಿರುಪ್ತಿಗೆ ಓದಾಗ ಬೆಟ್ಟ ಅತ್ತೋಗಂಟ ಉಗುಳ್ ನುಂಗ್ಕೊಂಡೇ ಓಗಿದ್ದೆ. ದೇವ್ರು ಎದ್ರಿಗ್ ಬಂದ್ರೆ ನಂಗ್ ಕಣ್ಣೇ ಕಾಣ್ನಿಲ್ಲ, ತಲೆ ತಿರುಗ್ತಿತ್ತು. ಆಮ್ಯಾಕ್ ಅಂದ್ಕೊಂಡೆ, ಇದ್ಯಾವ್ ಮರ್ವಾದೆ ಅಂತ."

ಅವ್ವ ಅಜ್ಜಿಯ ಮುಖ ನೋಡಿದಳು. ಅವಳ ಬಾಯಿಯ ಮೂಲೆ ಅಲುಗಿತು. ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಸೋಲಾಪುರದ ಬಸ್ಸಿನ ಕತೆ ತೆಗೆದಳು, ನಾನು ಎಂದೂ ಕೇಳದೆ ಇದ್ದದ್ದು. ಅಕ್ಕ ಹೊಟ್ಟೆಯಲ್ಲಿದ್ದಾಗ ಆ ಬಸ್ಸಿನಲ್ಲಿ ಹೋದದ್ದು, ಇಳಿಯುವಾಗ ಕಣ್ಣುಕತ್ತಲೆ ಬಂದು ಬಿದ್ದದ್ದು. ಇಬ್ಬರು ಮುದುಕಿಯರು ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯದಿದ್ದರೂ ಪೂರ್ತಿ ತಲೆಯಾಡಿಸುತ್ತಿದ್ದರು. ಮನೆಯವರು ಕೊಟ್ಟಿಗೆಯ ಹಸುವನ್ನು ನೋಡುವ ನೆವದಲ್ಲಿ ದೂರ ಹೋದರು. ಸ್ವಲ್ಪ ಹೊತ್ತಿನಲ್ಲಿ ಅವ್ವ ಎದ್ದು, ನನ್ನ ಕಡೆ ನೋಡದೆ, ಹಿತ್ತಲಿನ ದಾರಿ ಯಾವುದೆಂದು ಮುನಿಯಮ್ಮನನ್ನು ಮೆಲ್ಲಗೆ ಕೇಳಿದಳು. ತಿರುಗಿ ಬಂದವಳು ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಗಟಗಟನೆ ಪೂರ್ತಿ ಕುಡಿದಳು. ಇನ್ನರ್ಧ ಹಾಕವಾ ಎಂದಳು.

ಕಾರು ಮತ್ತೆ ಮುಖ್ಯರಸ್ತೆಗೆ ಬಂತು. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದು ಹಿಂದೆ ಉಳಿದಾಗ ಅವ್ವ, ಇಂಥ ಮನೆಗಳು ಲೇಪಾಕ್ಷಿಯ ತನಕ ಇವೆಯೇ ಎಂದು ಕೇಳಿದಳು. ಸುಳ್ಳು ಹೇಳುವ ಆಸೆಯಾಯಿತು, ಹೇಳಲಿಲ್ಲ. ಘಾಟಿಯ ತನಕ ಇವೆ, ಅಲ್ಲಿಂದ ಮುಂದೆ ನಮಗೆ ಒಂದು ಮನೆಯೂ ಗೊತ್ತಿಲ್ಲ ಎಂದೆ. ಅವ್ವ ಕಿಟಕಿಯ ಆಚೆ ರಸ್ತೆಯ ಬದಿಯ ಮನೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಹಂಗಾರ ಹೋಗಿ ಹುಡುಕ್ರಿ. ಮನ್ಯಾಗ ಕುಂತ್ರ ಬಾಗಲಾ ಸಿಗತಾವೇನು?"

ಮನೆಯವರು ಕನ್ನಡಿಯಲ್ಲಿ ನನ್ನನ್ನು ನೋಡಿ ಮತ್ತೆ ರಸ್ತೆ ನೋಡಿದರು. ಅವ್ವ ನನ್ನ ತೊಡೆಯ ಮೇಲಿದ್ದ ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು. ಓಡುವ ಗಾಡಿಯಲ್ಲಿ ನಮ್ಮವ್ವ ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.